ಲೇಡೀಸ್ ಡಬ್ಬಾದಲ್ಲಿ ರಾಜ್ಯಶಾಸ್ತ್ರ

ಮೇಡಂಗೆ ಫಾಸ್ಟ್ ಲೋಕಲ್ ಕಂಡರೆ ಆಗುತ್ತಿರಲಿಲ್ಲ. ದಹಿಸರ್‌ನಿಂದ ಚರ್ಚ್‌ಗೇಟಿನವರೆಗೆ ಹೋಗಬೇಕಾಗಿದ್ದರೂ ಸರಿ, ಪ್ರತಿ ಸ್ಟೇಷನ್ನಿನಲ್ಲೂ ನಿಂತು ಸುಧಾರಿಸಿಕೊಂಡು ಹೋಗುವ ಸ್ಲೋ ಗಾಡಿಯೇ ಅವರಿಗೆ ಆಗಬೇಕು. ಎದುರಿಗೇ ಬಂದು ನಿಂತ, ಕೂರಲು ಜಾಗವೂ ಇದ್ದ ಫಾಸ್ಟ್ ಗಾಡಿಯನ್ನು ಬಿಟ್ಟು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕಡಲೆ ತಿನ್ನುತ್ತ ಕೂತಿರುತ್ತಿದ್ದರು. ಕಾಲೇಜಿನಲ್ಲಿ ಇದಕ್ಕೆ ನಾನಾ ಕಾರಣ ಹೇಳುತ್ತಿದ್ದರು. ಮಂಡಿನೋವು ಎಂದು ಕೆಲವರು, ನೂಕುನುಗ್ಗಲಿನ ಭಯ ಎಂದು ಕೆಲವರು. ಬರೀ ಹಟ ಎನ್ನುತ್ತಿದ್ದವರು ವಿಭಾಗದ ಮುಖ್ಯಸ್ಥರು. ನಾನು ಕೇಳಿದಾಗ ಮೇಡಂ ಅಂಗೈಯ ಮೇಲಿನ ಸಿಪ್ಪೆ ಊದಿ ಹೇಳಿದ್ದರು:

“ಫಾಸ್ಟ್ ಗಾಡಿಯಲ್ಲಿ ಮಳೆ, ಮಕ್ಕಳ ಟ್ಯೂಷನ್ನು ಅಂತ ಮಾತಾಡಿ ಮುಗಿಸುವಾಗ ಅಂಧೇರಿ ಬಂದಿರ್ತದೆ ಮಾಷ್ಟ್ರೇ. ಗಂಡನ ವಿಷಯಕ್ಕೆ ಬರಲಿಕ್ಕೆ ಹೆಂಗಸರಿಗೆ ಕಡಿಮೆ ಅಂದ್ರೂ ಅದರಾಚೆ ದಾದರ್ ತನಕ ಬೇಕು.”

ಅವರು ಕಲಿಸುತ್ತಿದ್ದದ್ದು ರಾಜ್ಯಶಾಸ್ತ್ರ. ಕಾಂದಿವಲಿಯ ನಮ್ಮ ಕಾಲೇಜಿನಲ್ಲಿ ನಾನು ಸೇರುವ ಮುಂಚಿನಿಂದ ಇದ್ದವರು. ಅವರ ಅಧ್ಯಯನದ ವಿಷಯ, ಪಾಲಿಕೆಯ ಚುನಾವಣೆಗೆ ನಿಲ್ಲುವ ಹೆಂಗಸರ ಮೇಲೆ ನಡೆಯುವ ಹಿಂಸೆ. ಮಹಿಳೆಯರಿಗೆ ಮೀಸಲಾದ ವಾರ್ಡುಗಳಲ್ಲಿ ನಿಂತವರು, ನಿಲ್ಲುತ್ತೇನೆಂದು ಹೇಳಿ ಸುಮ್ಮನಾದವರು, ಗೆದ್ದ ಮೇಲೆ ಮನೆಯಿಂದ ಹೊರಗೆ ಕಾಣಿಸದವರು, ಇವರನ್ನೆಲ್ಲ ಹುಡುಕಿ ಮಾತಾಡಿಸುತ್ತಿದ್ದರು. ಮನೆಗೆ ಹೋಗಿ ಕೇಳಿದರೆ ಗಂಡ ಉತ್ತರ ಕೊಡುತ್ತಾನೆ. ಪಕ್ಷದ ಕಚೇರಿಯಲ್ಲಿ ಕೇಳಿದರೆ ಪಕ್ಷ ಉತ್ತರ ಕೊಡುತ್ತದೆ. ಆದ್ದರಿಂದ ಮೇಡಂ ಈ ಹೆಂಗಸರನ್ನು ಮಧ್ಯಾಹ್ನದ ಖಾಲಿ ಹೊತ್ತಿನಲ್ಲಿ ಲೋಕಲ್ ಗಾಡಿ ಹತ್ತಿಸುತ್ತಿದ್ದರು, ಲೇಡೀಸ್ ಡಬ್ಬಾಕ್ಕೆ, ಅಂದರೆ ಹೆಂಗಸರ ಬೋಗಿಗೆ. ಈ ಊರಿನಲ್ಲಿ ಗಂಡನಾದವನು ಹಿಂದೆ ಬಂದರೆ ದಂಡ ಕಟ್ಟಬೇಕಾದ ಜಾಗ ಅದೊಂದೇ. ಗಾಡಿಯ ಸದ್ದಿನಲ್ಲಿ ಪಕ್ಕದವರಿಗೆ ಮಾತು ಕೇಳುವುದಿಲ್ಲ, ಕೇಳಿದರೂ ಅವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದುಹೋಗುತ್ತಾರೆ.

ಮೇಡಂ ಹೋದ ಸುದ್ದಿ ನನಗೆ ತಲುಪಿದ್ದು ವಿಭಾಗದ ವಾಟ್ಸಾಪ್ ಗುಂಪಿನಲ್ಲಿ, ಪರೀಕ್ಷಾ ಮೇಲ್ವಿಚಾರಣೆಯ ವೇಳಾಪಟ್ಟಿಗೂ ಯಾರದೋ ಮೊಮ್ಮಗಳ ನಾಮಕರಣದ ಪೇಡೆಯ ಚಿತ್ರಕ್ಕೂ ನಡುವೆ. ಗಾಬರಿಯಲ್ಲಿ ನಾನು ‘ಆತ್ಮಕ್ಕೆ ಶಾಂತಿ ಸಿಗಲಿ’ ಎಂದು ಪೇಡೆಯ ಕೆಳಗೆ ಬರೆದುಬಿಟ್ಟೆ. ಅಳಿಸುವಷ್ಟರಲ್ಲಿ ಇನ್ನಿಬ್ಬರು ನನ್ನನ್ನು ನೋಡಿ ಅಲ್ಲೇ ಕೈಮುಗಿದಿದ್ದರು. ಮೇಡಂ ಇದ್ದಿದ್ದರೆ ಕಣ್ಣಲ್ಲಿ ನೀರು ಬರುವವರೆಗೆ ನಗುತ್ತಿದ್ದರು. ಅವರ ನಗು ಬರುತ್ತಿದ್ದದ್ದೇ ಬರಬಾರದ ಜಾಗದಲ್ಲಿ. ಸೆಮಿನಾರುಗಳಲ್ಲಿ ಯಾರಾದರೂ ದೊಡ್ಡವರು “ನಮ್ಮ ಸಂಸ್ಕೃತಿಯಲ್ಲಿ ಸ್ತ್ರೀಗೆ...” ಎಂದು ಗಂಟಲು ಸರಿಮಾಡಿಕೊಂಡರೆ ಸಾಕು, ಹಿಂದಿನ ಸಾಲಿನಿಂದ ಸಣ್ಣಗೆ ಕುಕ್ಕರಿನ ಹಬೆ ಬಿಟ್ಟಂಥ ಸದ್ದು ಕೇಳಿಸುತ್ತಿತ್ತು.

ಕುಳ್ಳಗಿನ ಹೆಂಗಸು. ಕಾಟನ್ ಸೀರೆ, ಹೆಗಲಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಎರಡು ನೀರಿನ ಬಾಟಲಿ. ಒಂದು ತಮಗೆ, ಇನ್ನೊಂದು ಎದುರಿಗೆ ಕೂರುವವರಿಗೆ. “ಬಾಯಿ ಒಣಗಿದವರ ಹತ್ತಿರ ಪ್ರಶ್ನೆ ಕೇಳುವುದು ಪೊಲೀಸರ ಕೆಲಸ” ಎನ್ನುತ್ತಿದ್ದರು. ಮೂಲ ಉಡುಪಿಯ ಕಡೆ, ಬೆಳೆದದ್ದು ಮುಂಬೈಯಲ್ಲಿ. ನಮ್ಮದು ಧಾರವಾಡದಿಂದ ಬಂದು ಚೆಂಬೂರಿನಲ್ಲಿ ಬೇರುಬಿಟ್ಟ ಮನೆ. ಅವರ ‘ಉಂಟು’ ನನ್ನ ‘ಐತಿ’ ಸೇರಿ ಸ್ಟಾಫ್ ರೂಮಿನಲ್ಲಿ ನಮ್ಮಿಬ್ಬರಿಗೇ ಒಂದು ಗುಪ್ತ ಭಾಷೆಯಾಗಿತ್ತು. ಕ್ಯಾಂಟೀನಿನವರು ಕುಂದಾಪುರದವರೆಂದೂ ನಾವು ಅವರ ಸಾಂಬಾರಿನ ಬಗ್ಗೆ ಆಡಿದ್ದನ್ನೆಲ್ಲ ಕೇಳಿಸಿಕೊಂಡಿದ್ದರೆಂದೂ ಗೊತ್ತಾದದ್ದು ಬಹಳ ತಡವಾಗಿ.

ಮುಖ್ಯಸ್ಥರಿಗೂ ಅವರಿಗೂ ವರ್ಷಗಟ್ಟಲೆ ನಡೆದ ಜಗಳ ಒಂದೇ. ತಮ್ಮ ವಿಷಯವನ್ನು ಎಲ್ಲ ವಿದ್ಯಾರ್ಥಿಗಳೂ ಓದಲೇಬೇಕಾದ ಪತ್ರಿಕೆಯಾಗಿ ಮಾಡಬೇಕು ಎಂದು ಮೇಡಂ. ಬೇಕಾದವರು ಓದಲಿ ಎಂದು ಮುಖ್ಯಸ್ಥರು.

“ಇದು ಸೋಶಿಯಾಲಜಿ ಮೇಡಂ. ವಿಮೆನ್ಸ್ ಸೆಲ್‌ಗೆ ಕೊಡಿ ನಾ. ನಮ್ಮದು ರಾಜ್ಯ, ಸಂವಿಧಾನ, ಚುನಾವಣೆ” ಎಂದು ಅವರು ಒಮ್ಮೆ ಚಹಾದ ಹೊತ್ತಿನಲ್ಲಿ ಹೇಳಿದರು.

“ಮತಯಂತ್ರ ಒಡೆದರೆ ನಿಮ್ಮ ಸಿಲೆಬಸ್ಸಿನಲ್ಲಿ ಉಂಟಾ ಸರ್?”

“ಅದು ರಾಜಕೀಯ ಹಿಂಸೆ. ಇದ್ದೇ ಇದೆ.”

“ಅಭ್ಯರ್ಥಿಯ ಕೈ ಒಡೆದರೆ?”

“ಯಾರು ಒಡೆದದ್ದು?”

“ಗಂಡ.”

“ಹಾಗಾದರೆ ತೇ ಫ್ಯಾಮಿಲಿ ಮ್ಯಾಟರ್ ಝಾಲಾ.”

ಮೇಡಂ ನನ್ನ ಕಡೆ ತಿರುಗಿದರು. “ಕೇಳಿದಿರಾ ಮಾಷ್ಟ್ರೇ? ಮತಯಂತ್ರಕ್ಕೆ ಮದುವೆ ಆಗಿಲ್ಲ ನೋಡಿ, ಅದೇ ಅದರ ಅದೃಷ್ಟ.”

ನಾನು ಆ ಕ್ಷಣದಲ್ಲಿ ಚಹಾದಲ್ಲಿ ಮುಳುಗಿದ ಬಿಸ್ಕತ್ತನ್ನು ಚಮಚದಿಂದ ಮೇಲೆತ್ತುವ ಕೆಲಸದಲ್ಲಿದ್ದೆ. ಮುಖ್ಯಸ್ಥರ ಎದುರಿಗೆ ಯಾವಾಗಲೂ ನನಗೆ ಅಂಥದೊಂದು ಕೆಲಸ ಸಿಗುತ್ತದೆ.

ಮೇಡಂ ತರಗತಿಯಲ್ಲಿ ಹೇಳುತ್ತಿದ್ದದ್ದು ಇಷ್ಟು: ಪೆಟ್ಟು ಕೊಟ್ಟವನು ಯಾರು ಎಂದು ಪೊಲೀಸರು ಬರೆದುಕೊಳ್ಳಲಿ. ಗಾಯ ಎಷ್ಟು ಆಳ ಎಂದು ಡಾಕ್ಟರು ಬರೆದುಕೊಳ್ಳಲಿ. ಪೆಟ್ಟು ಬಿದ್ದ ಮೇಲೆ ಅವಳು ಯಾವ ಸಭೆಗೆ ಹೋಗುವುದನ್ನು ಬಿಟ್ಟಳು, ಅವಳು ಬಿಟ್ಟ ಜಾಗದಲ್ಲಿ ಯಾರು ಬಂದು ಕೂತರು, ಅದು ನಮ್ಮ ಪಾಲಿನದು. ಇದರ ಜೊತೆಗೆ ಇನ್ನೊಂದು ನಿಯಮವಿತ್ತು, ಅದರಲ್ಲಿ ಅವರು ಬಹಳ ಕಟ್ಟುನಿಟ್ಟು. “ನಾವು ನೋಡುವವರು. ಕೈ ಹಾಕಲಿಕ್ಕೆ ಬೇರೆಯವರು ಇದ್ದಾರೆ, ಅವರ ಫೋನ್ ನಂಬರ್ ಕೊಡಿ, ದಾರಿ ತೋರಿಸಿ. ನೀವೇ ಕೈ ಹಾಕಿದಿರೋ, ಆಮೇಲೆ ನೀವು ಬರೆದದ್ದು ಸಾಕ್ಷಿ ಅಲ್ಲ, ವಕಾಲತ್ತು.” ನನಗೆ ಈ ನಿಯಮ ತುಂಬ ಹಿಡಿಸಿತ್ತು. ಹುಟ್ಟಿದಾಗಿನಿಂದ ನಾನು ಪಾಲಿಸುತ್ತ ಬಂದದ್ದು ಅದನ್ನೇ. ಅದಕ್ಕೊಂದು ಶಾಸ್ತ್ರವೂ ಇದೆ ಎಂದು ತಿಳಿದು ನೆಮ್ಮದಿಯಾಗಿತ್ತು.

ಈ ಅಧ್ಯಯನಕ್ಕೆ ನಾನು ಸಹಸಂಶೋಧಕನಾದದ್ದು ನನ್ನ ವಿದ್ವತ್ತಿನಿಂದಲ್ಲ. ಹೆಂಗಸರು ಲೇಡೀಸ್ ಡಬ್ಬಾ ಹತ್ತಿದರೂ ಗಂಡಂದಿರು ಮನೆಯಲ್ಲಿ ಉಳಿಯುತ್ತಿರಲಿಲ್ಲ. ಬರುತ್ತಿದ್ದರು. ಪಕ್ಕದ ಜನರಲ್ ಡಬ್ಬಾದಲ್ಲಿ ನಿಂತು ನಡುವಿನ ಜಾಲರಿಯಿಂದ ಇಣುಕುತ್ತಿದ್ದರು. ಅವರನ್ನು ಜಾಲರಿಯಿಂದ ದೂರ ಕೂರಿಸಿ ಮಾತಿಗೆ ಹಚ್ಚಲು ಒಬ್ಬ ಗಂಡಸು ಬೇಕಿತ್ತು.

“ನಿಮ್ಮ ಮುಖ ನೋಡಿದರೆ ಯಾರಿಗೂ ಎಂತದೂ ಅನುಮಾನ ಬರುವುದಿಲ್ಲ ಮಾಷ್ಟ್ರೇ. ಕರುಣೆ ಬರ್ತದೆ ಅಷ್ಟೆ” ಎಂದರು ಮೇಡಂ.

ಹೀಗೆ ನಾನು ಪಶ್ಚಿಮ ರೈಲ್ವೆಯ ಉದ್ದಕ್ಕೂ ಹಲವು ಬಗೆಯ ಗಂಡಂದಿರೊಂದಿಗೆ ಓಡಾಡಿದೆ. ಹೆಂಡತಿಯ ಭಾಷಣ ತಾನೇ ಬರೆಯುವವನು, ಹೆಂಡತಿಯ ಫೋನು ತನ್ನ ಜೇಬಿನಲ್ಲಿಟ್ಟವನು, ವಿಸಿಟಿಂಗ್ ಕಾರ್ಡಿನಲ್ಲಿ ತನ್ನನ್ನು ‘ನಗರಸೇವಕಿಯ ಪತಿ’ ಎಂದು ಅಚ್ಚು ಹಾಕಿಸಿದವನು. ಎಲ್ಲರೂ ನನಗೆ ಆರೋಗ್ಯದ ಸಲಹೆ ಕೊಟ್ಟರು. ಪ್ಲಾಟ್‌ಫಾರ್ಮ್ ಯಾವ ಬದಿಗೆ ಬರುತ್ತದೆ ಎಂದು ನಾನು ಪ್ರತಿ ಸ್ಟೇಷನ್ನಿಗೂ ಕೇಳುತ್ತಿದ್ದದ್ದರಿಂದ ನನಗೇನೋ ನರಗಳ ತೊಂದರೆ ಇದೆಯೆಂದು ಅವರು ತೀರ್ಮಾನಿಸಿದ್ದರು.

ಶಾಂತಕ್ಕ ಬಂದದ್ದು ಆಮೇಲೆ. ಹೆಸರು ಅದಲ್ಲ, ಶಾಂತಕ್ಕ ಎಂದಿಟ್ಟುಕೊಳ್ಳೋಣ. ವಿಜಾಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು, ದಹಿಸರ್‌ನ ಒಂದು ಬಸ್ತಿಯಲ್ಲಿ, ಗುಡಿಸಲುಗಳ ಕೇರಿಯಲ್ಲಿ, ಮನೆ. ಬಸ್ತಿಗೆ ನೀರಿನ ಪೈಪು ಬರಲೆಂದು ವಾರ್ಡ್ ಆಫೀಸಿನ ಎದುರು ಹೆಂಗಸರನ್ನು ಕೂರಿಸಿದವರು. ಅವರ ವಾರ್ಡು ಮಹಿಳೆಯರಿಗೆ ಮೀಸಲಾದಾಗ ಪಕ್ಷೇತರಳಾಗಿ ನಿಲ್ಲುತ್ತೇನೆ ಎಂದರು. ಅಲ್ಲಿಯ ‘ಭಾವು’ ತನ್ನ ಹೆಂಡತಿಯನ್ನು ನಿಲ್ಲಿಸುವವನಿದ್ದ. ಎಲ್ಲರೂ ಹೆದರುವ ಗುತ್ತಿಗೆದಾರ ಅವನು. ಶಾಂತಕ್ಕನ ಗಂಡನಿಗೆ ಕೂಲಿ ಸಿಗುತ್ತಿದ್ದದ್ದು ಅವನ ಕೈಯಿಂದಲೇ.

ಆ ಗಂಡನನ್ನು ನಾನು ತುಂಬ ಮೆಚ್ಚಿಕೊಂಡಿದ್ದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡು ಬರುತ್ತಿದ್ದ. ನನ್ನ ಧಾರವಾಡದ ಮಾತು ಕೇಳಿ “ನೀವು ನಮ್ಮವ್ರs ಬಿಡ್ರಿ ಸರ” ಎಂದು ಬೆನ್ನು ತಟ್ಟಿದ್ದ. ಮೊದಲ ಸಲ ಬಂದಾಗ ಶಾಂತಕ್ಕನ ಕೈಗೆ ಪ್ಲಾಸ್ಟರ್ ಇತ್ತು. ಏನಾಯಿತು ಎಂದು ಕೇಳಿದೆ.

“ಬಚ್ಚಲದಾಗ ಜಾರಿದ್ಲು ಸರ. ಎಷ್ಟ್ ಸಲ ಹೇಳೀನಿ, ಸಾವಕಾಶ ಅಡ್ಡಾಡು ಅಂತ. ಕೇಳಬೇಕಲ್ಲ ನಮ್ಮಾಕಿ. ಮನಿ ಕಡೆ ಲಕ್ಷ್ಯನs ಇಲ್ಲ, ಬರೇ ಮೋರ್ಚಾ, ಮೀಟಿಂಗು.”

ನಾನು ಅವನಿಗೆ ಮಾಲಾಡ್‌ನಿಂದ ಬಾಂದ್ರಾದವರೆಗೆ ಬಚ್ಚಲಿಗೆ ಹಾಕುವ ರಬ್ಬರ್ ಚಾಪೆಗಳ ಬಗ್ಗೆ ತಿಳಿಸಿದೆ. ನಮ್ಮ ತಾಯಿಗೆ ತಂದದ್ದು ಎಲ್ಲಿ ಸಿಗುತ್ತದೆ, ಯಾವ ಬಣ್ಣದ್ದು ಜಾರುವುದಿಲ್ಲ, ಎಲ್ಲ. ಅವನು ತಲೆಯಾಡಿಸುತ್ತ ಕೇಳಿದ.

ಅಂದು ಚರ್ಚ್‌ಗೇಟಿನಲ್ಲಿ ಅವರಿಬ್ಬರೂ ಚಹಾದ ಅಂಗಡಿಯ ಹತ್ತಿರ ನಿಂತಿದ್ದಾಗ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. ಬಸ್ತಿಯ ಸಭೆಯಲ್ಲಿ “ನಾನs ನಿಲ್ತೀನಿ” ಎಂದು ಶಾಂತಕ್ಕ ಹೇಳಿದ ದಿನ ಭಾವು ಗಂಡನನ್ನು ಕರೆಸಿ “ಕೂರಿಸು ಅವಳನ್ನು” ಎಂದಿದ್ದನಂತೆ. ಗಂಡ ಮನೆಗೆ ಬಂದು ಕೈ ತಿರುಚಿದ. ಮುರಿದದ್ದು ಹಾಗೆ.

“ಈಗ ನೀವು ವಾಪಸ್ ಹೋಗುವಾಗ ಅವನ ಜೊತೆ ಬಂದ ಹಾಗೆಯೇ ಮಾತಾಡಬೇಕು. ನಿಮ್ಮ ಮುಖ ಬದಲಾದರೆ ಇವಳು ಹೇಳಿದ್ದಾಳೆ ಅಂತ ಅವನಿಗೆ ಗೊತ್ತಾಗ್ತದೆ. ಆಮೇಲೆ ಇನ್ನೊಂದು ಕೈ” ಎಂದರು.

ನನ್ನ ಮುಖ! ಪರೀಕ್ಷೆಯಲ್ಲಿ ನಕಲು ಮಾಡುವವನನ್ನು ಕಂಡರೆ ಅವನಿಗಿಂತ ಮೊದಲು ಬೆವರುವ ಮುಖ ಅದು. ವಾಪಸಾಗುವಾಗ ಅವನು ರೊಟ್ಟಿಯ ಗಂಟು ಬಿಚ್ಚಿ ನನ್ನ ಕೈಯಲ್ಲಿ ಒಂದು ತುಂಡು ಇಟ್ಟ. ಎಣ್ಣೆ ಹಾಕಿ ಕಲಸಿದ ಚಟ್ನಿ. ಅದನ್ನು ಅರೆದ ಕೈ ಯಾವುದು ಎಂದು ಯೋಚಿಸುತ್ತ, ಮತ್ತೆ ರಬ್ಬರ್ ಚಾಪೆಯ ವಿಷಯವನ್ನೇ ಎತ್ತಿದೆ. ಬೇರೆ ಯಾವ ಮಾತು ತೆಗೆದರೂ ಮುಖ ಎಲ್ಲ ಹೇಳಿಬಿಡುತ್ತದೆಂದು ನನಗೆ ಗೊತ್ತಿತ್ತು.

“ಭಾಳ ಕಾಳಜಿ ಮನಷ್ಯಾರ ನೀವು ಸರ” ಎಂದ ಅವನು.

ಆಮೇಲೆ ಚುನಾವಣೆ ಮುಂದೆ ಹೋಯಿತು, ಮತ್ತೆ ಮುಂದೆ ಹೋಯಿತು. ಈ ನಡುವೆ ನಮ್ಮ ಕಾಲೇಜಿನಲ್ಲಿ ದೊಡ್ಡ ಸೆಮಿನಾರು ಬಂತು. ವಿಶ್ವವಿದ್ಯಾಲಯದ ಪಠ್ಯ ಸಮಿತಿಯವರು ಬರುತ್ತಾರೆ, ಅವರೆದುರು ಮೇಡಂ ಪ್ರಬಂಧ ಓದಿದರೆ ಅವರ ಪತ್ರಿಕೆ ಕಡ್ಡಾಯವಾದೀತು ಎಂಬ ಆಸೆ ಇತ್ತು. ಅವರು ಶಾಂತಕ್ಕನ ಕಥೆಯನ್ನೇ ಬರೆದರು. ಮನೆಯೊಳಗೆ ಮುರಿದ ಕೈ ಹೇಗೆ ವಾರ್ಡಿನ ರಾಜಕೀಯ ಎಂದು ಎಳೆ ಎಳೆಯಾಗಿ ಬಿಡಿಸಿದ ಬರಹ. ಅಂಥದ್ದನ್ನು ನಮ್ಮ ವಿಭಾಗದಲ್ಲಿ ಯಾರೂ ಬರೆದಿರಲಿಲ್ಲ. ಹೆಸರನ್ನು ನಿಯಮದ ಪ್ರಕಾರ ಬದಲಿಸಿದ್ದರು. ಊರಿನ ಹೆಸರು ತೆಗೆದಿದ್ದರು.

ಸಾರಾಂಶದ ಹಾಳೆ ಸ್ಟಾಫ್ ರೂಮಿನ ಮೇಜಿನ ಮೇಲಿತ್ತು. ದಹಿಸರ್‌ನಿಂದ ಬರುವ ಅರ್ಥಶಾಸ್ತ್ರದ ಸಹೋದ್ಯೋಗಿಯೊಬ್ಬರು ವಡಾಪಾವ್ ತಿನ್ನುತ್ತ ಅದರ ಮೇಲೆ ಕಣ್ಣಾಡಿಸಿದರು. ‘ಕಟ್ಟಡ ಕಾರ್ಮಿಕಳಾದ, ಕನ್ನಡ ಮಾತಾಡುವ, ಕೈಗೆ ಪ್ಲಾಸ್ಟರ್ ಹಾಕಿಕೊಂಡೇ ನೀರಿನ ಮೋರ್ಚಾ ನಡೆಸಿದ ಮಹಿಳೆ’ ಎಂದಿತ್ತು.

“ಅರೇ! ಇದು ನಮ್ಮ ಬಿಲ್ಡಿಂಗಿನ ಹಿಂದಿನ ಬಸ್ತಿಯ ಹೆಂಗಸು ಅಲ್ಲವಾ?” ಎಂದರು ಅವರು ಖುಷಿಯಿಂದ. “ಬಾತ್‌ರೂಮಿನಲ್ಲಿ ಬಿದ್ದದ್ದು ಅಂತ ಹೇಳಿದ್ದರು. ಗಂಡ ಹೊಡೆದದ್ದಾ? ನೋಡಿ!”

ಮೇಡಂ ಕುರ್ಚಿಯಿಂದ ಎದ್ದರು. ಅವರ ಕೈಯಿಂದ ಹಾಳೆ ತೆಗೆದುಕೊಂಡರು. ಮೇಜಿನ ಮೇಲಿದ್ದವನ್ನೆಲ್ಲ ಒಟ್ಟುಮಾಡಿದರು. ಅದೇ ಮಧ್ಯಾಹ್ನ ಪ್ರೆಸ್ಸಿಗೆ ಹೋಗಿ, ಸೆಮಿನಾರಿನ ಪುಸ್ತಿಕೆಯಿಂದ ಆ ಪುಟವನ್ನು ಎದುರಿಗೇ ನಿಂತು ತೆಗೆಸಿದರು. ನನ್ನನ್ನೂ ಕರೆದುಕೊಂಡು ಸಹೋದ್ಯೋಗಿಯ ಮನೆಗೆ ಹೋಗಿ, ಯಾರ ಹತ್ತಿರವೂ ಆಡಬಾರದೆಂದು ಕೈಮುಗಿದು ಬಂದರು. ಮೇಡಂ ಕೈಮುಗಿದದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಹೆಸರು ತೆಗೆದೆ ಮಾಷ್ಟ್ರೇ. ಜನವನ್ನು ಹಾಗೆಯೇ ಬಿಟ್ಟೆ” ಎಂದರು ರಿಕ್ಷಾದಲ್ಲಿ.

ಸೆಮಿನಾರಿನಲ್ಲಿ ತಮ್ಮ ಸರದಿ ಬಂದಾಗ ಎದ್ದು ನಿಂತು, ತಾವು ಮಾಡಿದ ತಪ್ಪನ್ನೇ ವಿಷಯವಾಗಿ ಮಾತಾಡಿದರು. ಕನ್ನಡ ಮಾತಾಡುವವಳು, ಪ್ಲಾಸ್ಟರ್ ಹಾಕಿದವಳು ಎಂಬುದನ್ನೆಲ್ಲ ಬಿಟ್ಟು, ಬರೀ ತಪ್ಪನ್ನು. ನಮ್ಮಂಥವರು ಬರೆಯುವ ಒಂದು ಸಾಲು ಹೇಗೆ ಬಸ್ತಿಯ ಮನೆಯೊಂದರ ಬಾಗಿಲು ತಟ್ಟಬಹುದು ಎಂದರು. ಪಠ್ಯ ಸಮಿತಿಯವರು ಊಟದ ಕೂಪನ್ ನೋಡಿಕೊಳ್ಳುತ್ತಿದ್ದರು. “ಡೇಟಾ ಕುಠೇ ಆಹೇ ಮೇಡಂ?” ಎಂದು ಒಬ್ಬರು ಅಂಕಿಅಂಶ ಕೇಳಿದರು. ಪತ್ರಿಕೆ ಐಚ್ಛಿಕವಾಗಿಯೇ ಉಳಿಯಿತು.

ಅವರು ಅಷ್ಟಕ್ಕೇ ಬಿಡಲಿಲ್ಲ. ಶಾಂತಕ್ಕನಿಗೆ ಈ ವಿಷಯ ಹೇಳಲೇಬೇಕು ಎಂದರು. ಯಾರಿಗೂ ಗೊತ್ತಾಗಲಿಲ್ಲವಲ್ಲ, ಸುಮ್ಮನಿದ್ದುಬಿಡೋಣ ಎಂದು ನಾನು ಅಂದದ್ದನ್ನು ತಳ್ಳಿಹಾಕಿದರು. ಮತ್ತೊಮ್ಮೆ ಲೋಕಲ್ ಪ್ರಯಾಣ ಗೊತ್ತುಮಾಡಿದರು. ಅಷ್ಟರಲ್ಲಿ ಚುನಾವಣೆಯ ದಿನ ಪ್ರಕಟವಾಗಿತ್ತು. ನಾನು ಈಚೆಗೆ ಗಂಡನ ಜೊತೆ, ಅವರು ಆಚೆಗೆ. ಜಾಲರಿಯ ಆ ಕಡೆ ಏನು ನಡೆಯಿತೆಂದು ಮೇಡಂ ನನಗೆ ಆಮೇಲೆ ಹೇಳಿದರು. ಶಾಂತಕ್ಕ ಎಲ್ಲ ಕೇಳಿ, “ಅಂವಗ ಗೊತ್ತಾತೇನ್ರಿ?” ಎಂದರಂತೆ. ಇಲ್ಲ ಎಂದರೆ, “ಹಂಗಾದ್ರ ಬಿಡ್ರಿ ಅತ್ಲಾಗ. ನನಗ ನಾಮಪತ್ರ ಕೊಡೋದೈತಿ. ಅಂವ ಬಾಗಿಲದಾಗ ಕುಂಡ್ರತಾನ, ಎಲ್ಲಿ ಹೋದ್ರೂ ಬೆನ್ನಿಗೆ ಬರ್ತಾನ. ನಿಮ್ಮ ಜೋಡಿ ಗಾಡಿ ಹತ್ತೋದೊಂದಕ್ಕ ಏನೂ ಅನ್ನಂಗಿಲ್ಲ. ನೀವು ನನ್ನ ಆ ಆಫೀಸಿಗೆ ಮುಟ್ಟಸ್ರಿ” ಎಂದರಂತೆ.

ನಾನು ನಿಯಮ ನೆನಪಿಸಿದೆ. ನಾವು ನೋಡುವವರು, ಕೈ ಹಾಕುವವರಲ್ಲ. ಅವರದೇ ಮಾತು.

“ನಾನು ಕೈ ಹಾಕಿಯಾಗಿದೆ ಮಾರಾಯ್ರೆ, ಆ ಪುಟ ಬರೆದಾಗಲೇ. ಈಗ ಸರಿಯಾಗಿ ಹಾಕುವಾ” ಎಂದರು.

ನಾಮಪತ್ರ ಸಲ್ಲಿಸುವ ಕಚೇರಿ ಬೋರಿವಲಿಯಲ್ಲಿ ಸ್ಟೇಷನ್ನಿನ ಹತ್ತಿರವೇ ಇತ್ತು. ಗೇಟಿನೊಳಗೆ ಅಭ್ಯರ್ಥಿಯ ಜೊತೆ ಕೆಲವರನ್ನು ಮಾತ್ರ ಪೊಲೀಸರು ಬಿಡುತ್ತಾರೆ, ಹೆಸರು ಹೇಳಿಯೇ ಒಳಗೆ ಹೋಗಬೇಕು. ಒಮ್ಮೆ ಒಳಗೆ ಹೋದರೆ ಹಿಂದೆ ಯಾರೂ ಬರುವಂತಿಲ್ಲ. ಬಸ್ತಿಯ ಹೆಂಗಸರು ಕಾಗದಪತ್ರ ಹಿಡಿದು ಅಲ್ಲಿ ಕಾಯುತ್ತಾರೆ. ಮೇಡಂ ಅಂದು ಬೆಳಗಿನ ಗರ್ದಿಯ ಹೊತ್ತನ್ನು ಆರಿಸಿದರು. ಮತ್ತು ಮೊದಲ ಬಾರಿಗೆ, ಫಾಸ್ಟ್ ಗಾಡಿ. ಬೋರಿವಲಿ ಬಿಟ್ಟರೆ ಮುಂದೆ ಅಂಧೇರಿಯೇ.

ಆ ಹೊತ್ತಿನಲ್ಲಿ ಬೋರಿವಲಿಯಲ್ಲಿ ಇಳಿಯಬೇಕಾದವರು ದಹಿಸರ್‌ನಿಂದಲೇ ಬಾಗಿಲಲ್ಲಿ ನಿಂತಿರಬೇಕು. ಒಳಗೆ ಸರಿದವನು ಹೊರಗೆ ಬರುವ ಮಾತೇ ಇಲ್ಲ, ಅಲ್ಲಿ ಹತ್ತುವ ಜನ ಅವನನ್ನು ಇನ್ನೂ ಒಳಕ್ಕೆ ತಳ್ಳುತ್ತಾರೆ. ಶಾಂತಕ್ಕ, ಮೇಡಂ ಲೇಡೀಸ್ ಡಬ್ಬಾದ ಬಾಗಿಲಲ್ಲಿ ನಿಂತರು. ನನ್ನ ಕೆಲಸ ಗಂಡನನ್ನು ಒಳಕ್ಕೆ ಕರೆದುಕೊಂಡು ಹೋಗುವುದು.

“ಒಳಗ ಬರ್ರಿ, ಫ್ಯಾನಿನ ಕೆಳಗ ಗಾಳಿ ಐತಿ” ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಎನಿಸಿತು.

“ನಿಮಗ ಭಾಳ ಬೆವರ ಬಂದೈತಿ ಸರ. ಬರ್ರಿ ಬರ್ರಿ” ಎಂದು ಅವನೇ ನನ್ನ ತೋಳು ಹಿಡಿದು, ಜನರನ್ನು ಸರಿಸಿ, ನನ್ನನ್ನು ಫ್ಯಾನಿನ ಕೆಳಗೆ ಕರೆದುಕೊಂಡು ಹೋದ. ಪಾಪ ಎಂದು ಅನಿಸಿತು. ಪಾಪ ಎಂದು ಅನಿಸಿದ್ದಕ್ಕೆ ಮೈ ಉರಿಯಿತು.

ಬೋರಿವಲಿ ಬಂತು. ಗೋಡೆ ಕುಸಿದಂತೆ ಜನ ಒಳಗೆ ಬಿದ್ದರು. ನನ್ನ ಚೀಲ ಒಂದು ಕಡೆ, ನಾನೊಂದು ಕಡೆ. ಗಾಡಿ ಅಲುಗುವಾಗ ಅವನು ಕಿಟಕಿಯ ಸರಳುಗಳ ನಡುವಿನಿಂದ ಪ್ಲಾಟ್‌ಫಾರ್ಮ್ ನೋಡಿದ. ಶಾಂತಕ್ಕ ಸೇತುವೆಯ ಮೆಟ್ಟಿಲಿನ ಕಡೆ ಬಿರಬಿರನೆ ಹೋಗುತ್ತಿದ್ದರು, ಪಕ್ಕದಲ್ಲಿ ಕುಳ್ಳಗಿನ ಮೇಡಂ ಓಡುತ್ತಿದ್ದರು. ಮಂಡಿನೋವು ಏನೂ ಇರಲಿಲ್ಲ.

ಅವನು ಹೆಂಡತಿಯ ಹೆಸರು ಕೂಗಿದ. ಬಾಗಿಲಿನ ಕಡೆ ನುಗ್ಗಲು ನೋಡಿದ. “ಉತರನಾ ಥಾ ತೋ ಪೆಹಲೆ ಬೋಲನಾ ಥಾ ನಾ ಭಾಯ್” ಎಂದು, ಇಳಿಯುವುದಿದ್ದರೆ ಮೊದಲೇ ಹೇಳಬೇಕಿತ್ತೆಂದು, ಯಾರೋ ಗದರಿದರು. “ಅಬ್ ಅಂಧೇರಿ” ಎಂದರು ಇನ್ನೊಬ್ಬರು.

ಅವನು ತಿರುಗಿ ನನ್ನ ಮುಖ ನೋಡಿದ. ವರ್ಷಗಳಿಂದ ನಾನು ಹೆದರಿದ್ದ ಕ್ಷಣ ಅದು, ಅದಕ್ಕಾಗಿ ಬಗೆಬಗೆಯ ಸುಳ್ಳು ತಯಾರಿಟ್ಟುಕೊಂಡಿದ್ದೆ.

“ನಿಮಗ ಗೊತ್ತಿತ್ತೇನ್ರಿ?”

“ಹೌದು” ಎಂದೆ.

ನನ್ನ ಅಂಗಿಯ ಕಾಲರಿಗೆ ಕೈ ಹಾಕುವಷ್ಟೂ ಅಲ್ಲಿ ಜಾಗವಿರಲಿಲ್ಲ. ಅಂಧೇರಿಯವರೆಗೆ ಅವನ ಉಸಿರು ನನ್ನ ಕಿವಿಗೆ ಬಡಿಯುತ್ತಿತ್ತು. ಅಂಧೇರಿಯಲ್ಲಿ ಇಳಿದು ಓಡಿ ಎದುರಿನ ಪ್ಲಾಟ್‌ಫಾರ್ಮಿನ ಗಾಡಿ ಹಿಡಿದ. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಮೇಡಂಗೆ ಫೋನ್ ಮಾಡಿದೆ. “ಗೇಟಿನ ಒಳಗೆ ಇದ್ದಾಳೆ” ಎಂದು ಇಟ್ಟುಬಿಟ್ಟರು.

ಅಂದಿನಿಂದ ಮತದಾನ ಮುಗಿಯುವವರೆಗೆ ಶಾಂತಕ್ಕ ಬಸ್ತಿಗೆ ಹೋದದ್ದು ಪ್ರಚಾರಕ್ಕೆ ಮಾತ್ರ, ಹೆಂಗಸರ ಗುಂಪಿನ ನಡುವೆ. ಉಳಿದದ್ದು ಮೇಡಂ ಮನೆಯಲ್ಲಿ. ಒಂಟಿಯಾಗಿದ್ದ ಮೇಡಂ ನಮ್ಮ ಯಾರನ್ನೂ ಹೊಸ್ತಿಲಿನಿಂದ ಒಳಗೆ ಬಿಟ್ಟವರಲ್ಲ. ಈಗ ಅವರ ಹಾಲ್‌ನಲ್ಲಿ ಕರಪತ್ರದ ಕಟ್ಟುಗಳು, ಚಪ್ಪಲಿಗಳ ರಾಶಿ, ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು. ಗಂಡ ಮೊದಲೆರಡು ಸಲ ಬಿಲ್ಡಿಂಗಿನ ಗೇಟಿಗೆ ಬಂದು ಬೈದು ಹೋದ. ಆಮೇಲೆ, ನಾಮಪತ್ರ ಹಿಂದೆ ಪಡೆಯುವ ದಿನ ದಾಟಿದ ಮೇಲೆ, ಏನನ್ನಿಸಿತೋ, ತಾನೇ ಬಸ್ತಿಯಲ್ಲಿ ಅವಳ ಕರಪತ್ರ ಹಂಚತೊಡಗಿದ. “ನಮ್ಮ ಮನಿಯಾಕಿ” ಎಂದು ಎದೆ ಉಬ್ಬಿಸಿ ಹೇಳುತ್ತಿದ್ದನಂತೆ. ಬೈಗುಳಕ್ಕಿಂತ ಇದು ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. “ಹೆದರಿ, ಹೆದರಿ, ಹೆದರಬೇಕಾದದ್ದೇ ಅದು” ಎಂದು ಮೇಡಂ ಮೊದಲ ಬಾರಿಗೆ ನನ್ನ ಆತಂಕವನ್ನು ಒಪ್ಪಿಕೊಂಡರು. ಶಾಂತಕ್ಕ ಸೋತರು. ಭಾವುವಿನ ಹೆಂಡತಿ ಗೆದ್ದಳು. ಶಾಂತಕ್ಕ ಮನೆಗೆ ವಾಪಸಾದರು. ಮೇಡಂ ಶಾಂತಕ್ಕನಿಗೆ ವಕೀಲರ ನಂಬರ್ ಕೊಟ್ಟರು, ಬಸ್ತಿಯ ಹೆಂಗಸರು ಪಾಳಿ ಹಾಕಿ ಆ ಮನೆಗೆ ಹೋಗಿಬರುವಂತೆ ಗೊತ್ತುಮಾಡಿದರು. ಸಾಕೋ ಸಾಲದೋ ಎಂದು ಅವರಿಗೂ ಗೊತ್ತಿರಲಿಲ್ಲ.

ಮೇಡಂ ಪುಸ್ತಕ ಬಂದದ್ದು ನಿವೃತ್ತಿಯ ನಂತರ. ಅದರಲ್ಲಿ ಶಾಂತಕ್ಕನ ಅಧ್ಯಾಯ ಇಲ್ಲ.

ಕಾಲೇಜಿನ ಶ್ರದ್ಧಾಂಜಲಿ ಸಭೆಯಲ್ಲಿ ಮುಖ್ಯಸ್ಥರು ಅವರನ್ನು ಸೌಮ್ಯ ಸ್ವಭಾವದವರು ಎಂದರು. ಹಿಂದಿನ ಸಾಲಿನಿಂದ ಯಾವ ಸದ್ದೂ ಬರಲಿಲ್ಲ. ನೋಡಿದರೆ ಅಲ್ಲಿ ಶಾಂತಕ್ಕ ಕೂತಿದ್ದರು, ಬಸ್ತಿಯ ಇಬ್ಬರು ಹೆಂಗಸರ ಜೊತೆ. ಸಭೆ ಮುಗಿದ ಮೇಲೆ ಮೇಜಿನ ಮೇಲೆ ಇಟ್ಟಿದ್ದ ಪುಸ್ತಕದ ಹತ್ತಿರ ಬಂದು ಅದರ ಮೇಲೆ ಕೈಯಿಟ್ಟರು.

“ಸರ, ಇದರಾಗ ನಾ ಎಲ್ಲಿದ್ದೀನ್ರಿ?”

ನಾನು ತಡವರಿಸುತ್ತ ಹೇಳಿದೆ. ಕೈ ಹಾಕಿದವರ ಮಾತು ಸಾಕ್ಷಿಯಾಗುವುದಿಲ್ಲ, ಅದು ಅವರ ನಿಯಮ, ಅದಕ್ಕೇ ತೆಗೆದರು ಎಂದು. ಶಾಂತಕ್ಕನ ಮುಖ ಕೆಂಪಾಯಿತು.

“ಮುರಿಸ್ಕೊಂಡಾಕಿ ನಾ. ಹೇಳಿದಾಕಿ ನಾ. ತಗಿಯೂ ಮುಂದ ನನ್ನ ಒಂದ್ ಮಾತ್ ಕೇಳಬೇಕಿಲ್ಲೇನ್ರಿ ಆ ಬಾಯಾರು?” ಎಂದರು. ಮೇಡಂ ಶಾಂತಕ್ಕನಿಗೆ ಯಾವಾಗಲೂ ‘ಬಾಯಾರು’. ಜೊತೆಗಿದ್ದವರು ಸುಮ್ಮನಿರು ಎಂದರು. ಅವರು ಸೆರಗಿನಿಂದ ಕಣ್ಣು ಒತ್ತಿಕೊಂಡು ಮತ್ತೆ ನನ್ನ ಕಡೆ ತಿರುಗಿದರು. “ನೀವೇನ್ ಕೈ ಹಾಕಿಲ್ಲಲ್ರಿ. ಬರೇ ಬೆವತುಕೊಂಡ್ ನಿಂತಿದ್ರಿ. ನೀವs ಬರೀರಿ.”

ನನಗೆ ನಗು ಬಂತು, ಬರಬಾರದ ಜಾಗದಲ್ಲೇ. “ಹೆಸರು ಹಾಕಲಾ?” ಎಂದು ಕೇಳಿದೆ.

ಅವರು ಗೇಟಿನ ಕಡೆ ನೋಡಿದರು. ಗಂಡ ಹೊರಗೆ ಯಾರದೋ ಸ್ಕೂಟರಿಗೆ ಒರಗಿ ನಿಂತಿದ್ದ. ತಲೆ ನೆರೆತಿತ್ತು. ನನ್ನನ್ನು ಕಂಡು ಕೈ ಎತ್ತಿದ.

“ಈ ಸಲಾನೂ ನಿಲ್ಲಾಕತ್ತೀನ್ರಿ. ಎಣಿಕಿ ಮುಗಿಯೂ ತನಕ ಹೆಸರ ಬ್ಯಾಡ.”

ಆದ್ದರಿಂದ ಅವರ ಹೆಸರು ಇಲ್ಲಿಲ್ಲ. ಮೇಡಂ ಹೆಸರೂ ಇಲ್ಲ. ಅದನ್ನು ಬರೆದರೆ ಆ ಚುನಾವಣೆಯಲ್ಲಿ ಅವರ ಮನೆಯಲ್ಲಿ ಉಳಿದವರು ಯಾರು ಎಂದು ಹುಡುಕುವುದು ಕಷ್ಟವಲ್ಲ. ಕೆಲವು ಸ್ಟೇಷನ್ನುಗಳನ್ನು ಬದಲಿಸಿದ್ದೇನೆ, ಮುರಿದದ್ದು ಕೈಯೇ ಎಂದೂ ಹೇಳಲಾರೆ. ಬರೆದದ್ದನ್ನು ಹೊಡೆದುಹಾಕಿ, ಮತ್ತೆ ಬರೆದು, ಏನನ್ನೋ ಉಳಿಸಿಬಿಟ್ಟೆನೆಂಬ ಅನುಮಾನ ಹೋಗದೆ ಕೊನೆಗೆ ಮೊನ್ನೆ ಶಾಂತಕ್ಕನಿಗೆ ಫೋನಿನಲ್ಲೇ ಎಲ್ಲ ಓದಿ ಹೇಳಿದೆ. ಅವರು ಕೆಲಸದ ನಡುವೆ ಊಟಕ್ಕೆ ಕೂತಿದ್ದರು. ಒಂದೆರಡು ಕಡೆ ತಡೆದು, ಇದನ್ನು ಬದಲ್ ಮಾಡ್ರಿ, ಅದನ್ನು ತಗೀರಿ ಎಂದರು. ತೆಗೆದೆ. ಓದಿ ಮುಗಿಸುವಷ್ಟರಲ್ಲಿ ಆ ಕಡೆ ಸಿಮೆಂಟು ಕಲಸುವ ಯಂತ್ರ ಮತ್ತೆ ಶುರುವಾಗಿತ್ತು.

“ಬಾಯಾರು ಬರೋಬ್ಬರಿ ಬಂದಾರ್ರಿ” ಎಂದರು. “ನಮ್ಮನಿಯವನ್ನs ಭಾಳ ಚಲೋ ಮಾಡಿಬಿಟ್ಟೀರಿ.”

“ಬದಲಿಸಲಾ?” ಎಂದೆ ಗಾಬರಿಯಿಂದ.

“ಇರ್ಲಿ ಬಿಡ್ರಿ ಸರ. ಹಂಗs ಇದ್ರ ಅಂವನ್ನ ಯಾರೂ ಗುರ್ತ ಹಿಡಿಯಂಗಿಲ್ಲ.”